ನೋಟಿಸು ಜಾರಿ

ಎಲ್ಲದಕ್ಕೂ ಮೂಲ ಒಂದು ಬಿಳಿ ಅಂಗಿ.

ಅಮೀನರ ಹೆಂಡತಿ ಅದನ್ನು ತನ್ನ ತಮ್ಮನ ಹೊಲಿಗೆ ಅಂಗಡಿಯಲ್ಲಿ ತಿಂಗಳ ಹಿಂದೆಯೇ ಹೊಲಿಸಿ, ಇಸ್ತ್ರಿ ಮಾಡಿಸಿ, ಬೀರುವಿನಲ್ಲಿ ಮುಚ್ಚಿಟ್ಟಿದ್ದಳು. ಆ ಗುರುವಾರ ಬೆಳಿಗ್ಗೆ ಹೊರತೆಗೆದು ಗಂಡನ ಮುಂದೆ ಹಿಡಿದಳು.

"ರೀ, ಇವತ್ತು ಇದನ್ನೇ ಹಾಕ್ಕೊಳ್ಳಿ. ಕುರ್ಚಿ ಮೇಲೆ ಕೂರೋಕೆ ಅಂತಾನೇ ಹೊಲಿಸಿದ್ದು ಇದು. ಒರಗಿ ಕೂತ್ರೆ ಬಿಗಿಯಬಾರದು ಅಂತ ನನ್ನ ತಮ್ಮ ಬೆನ್ನಿನ ಕಡೆ ಎರಡು ಬೆರಳು ಸಡಿಲ ಬಿಟ್ಟಿದಾನೆ."

"ಕುರ್ಚಿ ಇನ್ನೂ ಸಿಕ್ಕಿಲ್ಲ ಕಣೇ."

"ಸಂಜೆಗೆ ಸಿಗುತ್ತಲ್ಲ! ಅಲ್ಲಿವರೆಗೆ ಕೊಳೆ ಮಾಡ್ಕೊಂಡ್ರೆ ಮಾತ್ರ ನಾನು ಸುಮ್ಮನಿರಲ್ಲ."

ಅಮೀನರೆಂದರೆ ಕೋರ್ಟಿನ ಸಮನ್ಸು, ನೋಟಿಸುಗಳನ್ನು ಮನೆಮನೆಗೆ ಒಯ್ದು ಕೊಡುವವರು. ಇವರು ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು. ಈ ಅವಧಿಯಲ್ಲಿ ಅವರ ಕಿವಿಗೆ ಅತಿ ಹೆಚ್ಚು ಸಲ ಬಿದ್ದ ಮಾತೆಂದರೆ "ಮನೇಲಿಲ್ಲ". ಯಜಮಾನನೇ ಬಾಗಿಲು ತೆಗೆದು, ಕಣ್ಣಲ್ಲಿ ಕಣ್ಣಿಟ್ಟು, "ಯಜಮಾನ್ರು ಮನೇಲಿಲ್ಲ" ಅಂದದ್ದುಂಟು. ಒಬ್ಬ ಮಹಾನುಭಾವನಂತೂ ಮಂಚದ ಕೆಳಗಿನಿಂದ "ನಾನು ಮನೇಲಿಲ್ಲ" ಎಂದು ತಾನೇ ಕೂಗಿ ಹೇಳಿದ್ದ. ನಾಯಿಗಳು ಮಾತ್ರ ಸುಳ್ಳು ಹೇಳದೆ ನೇರವಾಗಿ ಕಚ್ಚುತ್ತಿದ್ದವು.

ನಡೆದು ನಡೆದು ಅಮೀನರ ಎರಡೂ ಮಂಡಿಗಳು ಮುಷ್ಕರ ಹೂಡಿದ್ದವು. ಅಷ್ಟರಲ್ಲಿ ಕೋರ್ಟಿನ ರೆಕಾರ್ಡ್ ರೂಮಿನ ಗುಮಾಸ್ತರು ನಿವೃತ್ತರಾಗಿ ಅಲ್ಲಿದ್ದ ಒಂದೇ ಒಂದು ಕುರ್ಚಿ ಖಾಲಿಯಾಯಿತು. ಕೈಗಳಿರುವ ತೇಗದ ಕುರ್ಚಿ, ಮೇಲೆ ಫ್ಯಾನು, ಪಕ್ಕದಲ್ಲಿ ಕಿಟಕಿ. ನಿವೃತ್ತಿಗೆ ಉಳಿದ ಮೂರು ವರ್ಷವನ್ನು ಅದರ ಮೇಲೆ ಕೂತು ಕಳೆಯುವುದಾದರೆ ಅಮೀನರಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಶಿರಸ್ತೇದಾರರು ಕರೆದರು. ಅವರು ಇಡೀ ಕಚೇರಿಗೆ ಹಿರಿಯ ಗುಮಾಸ್ತರು. ಮೇಲಿನವರ ಆದೇಶವನ್ನು ಅಕ್ಷರ ಬಿಡದೆ ಪಾಲಿಸುವ ಮನುಷ್ಯ. "ಗೋಡೆ ಗಡಿಯಾರ ನೋಡಿಕೊಳ್ಳಿ" ಎಂದು ಹಿಂದೊಮ್ಮೆ ಯಾರೋ ಹೇಳಿದ್ದರಂತೆ. ಅದು ಕೆಟ್ಟು ನಿಂತು ವರ್ಷವಾದರೂ ಇವರು ದಿನಾ ಅದನ್ನು ನೋಡಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

"ಬನ್ನಿ ಅಮೀನ್ರೇ. ಓಹೋ, ಅಂಗಿ ಜೋರಾಗಿದೆ! ನಿಮ್ಮ ಕುರ್ಚಿ ಆರ್ಡರ್ ರೆಡಿ ಇದೆ. ಸಂಜೆ ರುಜು ಹಾಕಿ ಕೊಟ್ಟುಬಿಡ್ತೀನಿ. ಅದಕ್ಕೆ ಮುಂಚೆ ಒಂದೇ ಒಂದು ನೋಟಿಸು."

"ಯಾರಿಗೆ ಸಾರ್?"

"ಹೊಳೆಗೆ."

"ಹೊಳೆ ಅಂದ್ರೆ... ಮನೆತನದ ಹೆಸರಾ?"

"ಹೊಳೆ ಅಂದ್ರೆ ಹೊಳೆ ಕಣ್ರೀ! ಸೇತುವೆ ಕೆಳಗೆ ಹರಿಯುತ್ತಲ್ಲ, ನೀರು, ಅದು."

ವಿಷಯ ಇಷ್ಟು. ಊರಿನ ವಕೀಲಮ್ಮನೊಬ್ಬಳು ಹೊಳೆಯ ಹೆಸರಿನಲ್ಲೇ ಒಂದು ದಾವೆ ಹೂಡಿದ್ದಳು. ಮನುಷ್ಯರಿಗೆ ಇರುವ ಹಾಗೆ ಹೊಳೆಗೂ ಬದುಕುವ ಹಕ್ಕಿದೆ, ತನ್ನ ಬಣ್ಣದಲ್ಲಿ ತಾನು ಹರಿಯುವ ಹಕ್ಕಿದೆ, ಮೇಲ್ಗಡೆಯ ಬಣ್ಣದ ಕಾರ್ಖಾನೆ ಅದನ್ನು ಕಸಿದುಕೊಂಡಿದೆ ಎಂಬುದು ದಾವೆ. ನಮ್ಮ ಕಾರ್ಖಾನೆಯಿಂದ ಹೊರಬರುವ ನೀರು ಸ್ಫಟಿಕದಷ್ಟು ಸ್ವಚ್ಛ ಎಂದು ಎದುರು ಪಕ್ಷ ಬರೆದುಕೊಟ್ಟಿತ್ತು. ಕಾರ್ಖಾನೆಯ ಪರ ಚಿನ್ನದ ಕನ್ನಡಕದ ವಕೀಲರು ಬಲು ಚಾಲಾಕಿ. ಆ ಬೆಳಿಗ್ಗೆ ಅವರು ಎದ್ದು ನಿಂತು, "ಸ್ವಾಮಿ, ಹೊಳೆಯೂ ಒಬ್ಬ ಪಕ್ಷಗಾರ ಅನ್ನುವುದಾದರೆ ಎಲ್ಲ ಪಕ್ಷಗಾರರಿಗೆ ಕಳಿಸುವ ಹಾಗೆ ಅದಕ್ಕೂ ನೋಟಿಸು ಕಳಿಸಿ. ಜಾರಿಯಾದರೆ ಅದು ವ್ಯಕ್ತಿ, ಆಗದಿದ್ದರೆ ಬರೀ ನೀರು" ಎಂದು ವಾದಿಸಿದ್ದರು. ನ್ಯಾಯಾಧೀಶರು ಒಂದು ಗಳಿಗೆ ಯೋಚಿಸಿ, ಸಂಜೆ ನಾಲ್ಕಕ್ಕೆ ವರದಿ ಬರಲಿ ಎಂದುಬಿಟ್ಟಿದ್ದರು.

"ಜಾರಿ ಆಗದಿದ್ರೆ ಸಾರ್?" ಎಂದು ಅಮೀನರು ಕೇಳಿದರು.

"ಕೇಸು ವಜಾ. ಆಮೇಲೆ..." ಶಿರಸ್ತೇದಾರರು ನಿಂತ ಗಡಿಯಾರ ನೋಡಿದರು. "ನೋಟಿಸು ಬಾಕಿ ಇಟ್ಕೊಂಡಿರೋ ಅಮೀನರನ್ನ ಕುರ್ಚಿಗೆ ಹಾಕೋಕೆ ನಿಯಮ ಇಲ್ಲ. ಪಟ್ಟೀಲಿ ನಿಮ್ಮ ನಂತರದ ಹೆಸರಿನವರು ಕಾಯ್ತಾ ಇದಾರೆ."

ಅಮೀನರು ನೋಟಿಸಿನ ಎರಡು ಪ್ರತಿ ಹಿಡಿದು ಹೊರಟರು. ಒಂದು ಹೊಳೆಗೆ ಕೊಡಲು, ಇನ್ನೊಂದು ಹೊಳೆಯ ರುಜು ಹಾಕಿಸಿಕೊಂಡು ಬರಲು. ದಾರಿಯುದ್ದಕ್ಕೂ ಅಂಗಿಗೆ ಧೂಳು ತಾಗಬಾರದೆಂದು ಮದುವೆ ಗಂಡಿನ ಹಾಗೆ ಮೈ ಬಿಗಿಹಿಡಿದೇ ನಡೆದರು.

ಸೇತುವೆಯ ಪಕ್ಕದ ಮೊದಲ ಮನೆ ನಿವೃತ್ತ ಮೇಷ್ಟ್ರದ್ದು. ಅವರು ಜಗಲಿಯಲ್ಲಿ ಕೂತು ಪತ್ರಿಕೆಯ ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದರು.

"ಮೇಷ್ಟ್ರೇ, ಹೊಳೆಗೆ ನೋಟಿಸು ಕೊಡ್ಬೇಕು. ಅದರ ವಾಸ ಎಲ್ಲಿ ಅಂತೀರಿ?"

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಇಂಥ ಪ್ರಶ್ನೆಗಾಗಿ ಅವರು ಹತ್ತು ವರ್ಷದಿಂದ ಕಾಯುತ್ತಿದ್ದಂತೆ ಕಂಡಿತು. "ನೋಡಿ, 'ಹರಿ' ಅನ್ನೋದು ಚಲನೆ ಸೂಚಿಸೋ ಧಾತು. ಹರಿಯೋದಕ್ಕೆ ವಾಸ ಹೇಗ್ರೀ ಇರುತ್ತೆ? ಹುಟ್ಟಿದ್ದು ಬೆಟ್ಟದಲ್ಲಿ, ಸೇರೋದು ಸಮುದ್ರಕ್ಕೆ. ಇಲ್ಲಿರೋದು ಅದರ ಮಧ್ಯಭಾಗ."

"ಮಧ್ಯಭಾಗಕ್ಕೇ ಕೊಟ್ಟರಾಗಲ್ವಾ?"

"ಕೊಡಿ ಬನ್ನಿ, ನಾನೂ ಬರ್ತೀನಿ" ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ದಂಡೆಯಲ್ಲಿ ಲಾಂಡ್ರಿ ಅಕ್ಕ ಹಗ್ಗದ ಮೇಲೆ ಬೆಡ್‌ಶೀಟುಗಳನ್ನು ಹರವುತ್ತಿದ್ದಳು. ಮೊದಲೆಲ್ಲ ಹೊಳೆಯಲ್ಲೇ ಒಗೆಯುತ್ತಿದ್ದವಳು ಈಗ ನಲ್ಲಿ ನೀರಿಗೆ ಬಂದಿದ್ದಳು. ಕೆಳಗೆ ಕಲ್ಲಿನ ಮೇಲೆ ಒಬ್ಬ ತಾತ ಗಾಳ ಹಾಕಿ ಕೂತಿದ್ದ. ಅಮೀನರು ಹೊಳೆಯನ್ನು ನೋಡಿದರು. ಅದು ಬದನೆಕಾಯಿಯ ಹಾಗೆ ನೇರಳೆಯಾಗಿತ್ತು.

"ಇವತ್ತು ಗುರುವಾರ ಅಲ್ವಾ ಅಣ್ಣ, ನೇರಳೆ" ಎಂದಳು ಲಾಂಡ್ರಿ ಅಕ್ಕ. "ಸೋಮವಾರ ಕೆಂಪು, ಮಂಗಳವಾರ ಹಳದಿ, ಬುಧವಾರ ಹಸಿರು. ನಮ್ಮ ಮನೇಲಿ ಕ್ಯಾಲೆಂಡರೇ ಇಲ್ಲ. ಕಿಟಕಿ ತೆಗೆದ್ರೆ ವಾರ ಗೊತ್ತಾಗುತ್ತೆ."

"ಮೀನು ಸಿಗುತ್ತಾ ತಾತ?"

"ಎಂಟು ವರ್ಷ ಆಯ್ತಪ್ಪ ಸಿಕ್ಕಿ" ಎಂದ ತಾತ ತಿರುಗಿ ನೋಡದೆ. "ಹಾಗಂತ ಬರೋದು ಬಿಟ್ರೆ ಹೊಳೆ ಏನಂದ್ಕೊಳ್ಳುತ್ತೆ?"

ಅಮೀನರಿಗೆ ಸಂಕಟವಾಯಿತು. ಬಾಲ್ಯದಲ್ಲಿ ಇದೇ ಕಲ್ಲಿನ ಮೇಲಿನಿಂದ ಅವರೂ ನೀರಿಗೆ ಹಾರಿದವರು. ಆಗ ತಳದ ಬೆಣಚುಕಲ್ಲು ಕಾಣುತ್ತಿತ್ತು. ಆದರೆ ಸಂಕಟಪಡುತ್ತ ಕೂರಲು ಪುರುಸೊತ್ತಿರಲಿಲ್ಲ, ಗಂಟೆ ಎರಡಾಗಿತ್ತು. ಪಕ್ಷಗಾರ ನೋಟಿಸು ತಗೊಳ್ಳದಿದ್ದರೆ ಅವನ ಮನೆಬಾಗಿಲಿಗೆ ಅಂಟಿಸಿ ಇಬ್ಬರ ಸಾಕ್ಷಿ ಹಾಕಿಸಬೇಕೆಂಬುದು ಕ್ರಮ. ಹೊಳೆಗೆ ಬಾಗಿಲು ಎಲ್ಲಿಂದ ತರುವುದು? ಸಾಕ್ಷಿಯನ್ನಾದರೂ ಗಟ್ಟಿ ಮಾಡಿಕೊಳ್ಳೋಣವೆಂದು ಮೂವರನ್ನೂ ಕೇಳಿದರು.

"ಅಯ್ಯೋ ಬೇಡಪ್ಪ!" ಎಂದಳು ಲಾಂಡ್ರಿ ಅಕ್ಕ. "ಒಂದು ರುಜು ಹಾಕಿದ್ರೆ ಜೀವನಪೂರ್ತಿ ಕೋರ್ಟಿಗೆ ಅಲೆಸ್ತೀರಿ."

"ನನಗೆ ಕಣ್ಣು ಮಂದ" ಎಂದ ತಾತ.

"ಮೊದಲು ಒಕ್ಕಣೆ ಓದಿ, ವ್ಯಾಕರಣ ಸರಿಯಿದ್ರೆ ಆಮೇಲೆ ನೋಡೋಣ" ಎಂದರು ಮೇಷ್ಟ್ರು.

ಅಮೀನರು ದಂಡೆಯ ಮೇಲೆ ನಿಂತು ಗಂಟಲು ಸರಿಮಾಡಿಕೊಂಡು ಓದತೊಡಗಿದರು. "ಹೊಳೆ ಎಂಬ ವಾದಿಯವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ..."

"ಹತ್ತಿರ ಹೋಗಿ ಓದು" ಎಂದ ತಾತ. "ಅಷ್ಟು ದೂರದಿಂದ ನನಗೇ ಕೇಳ್ತಿಲ್ಲ, ಅದಕ್ಕೆ ಹೇಗೆ ಕೇಳುತ್ತೆ?"

ಅಮೀನರು ಎರಡು ಹೆಜ್ಜೆ ಇಳಿದು ಪಾಚಿಗಟ್ಟಿದ ಚಪ್ಪಡಿಯ ಮೇಲೆ ನಿಂತರು. ಅಂಗಿಯ ತೋಳು ಮಡಿಸಿಕೊಂಡು ಮುಂದುವರಿಸಿದರು. "ತಾವು ಈ ದಿನ ಸಾಯಂಕಾಲ ನಾಲ್ಕು ಗಂಟೆಗೆ ಖುದ್ದು ಹಾಜರಾಗತಕದ್ದು..."

"ತಕ್ಕದ್ದು!" ಎಂದು ಹಿಂದಿನಿಂದ ಮೇಷ್ಟ್ರು ಅಬ್ಬರಿಸಿದರು. "ಹಾಜರಾಗತಕ್ಕದ್ದು! ಒತ್ತು ಎಲ್ಲಿ ಹೋಯ್ತು?"

ಬೆಚ್ಚಿಬಿದ್ದ ಅಮೀನರು ಒತ್ತು ಹುಡುಕಲು ಹಿಂದೆ ತಿರುಗಿದರು. ಚಪ್ಪಡಿ ಅವರ ಜೊತೆ ತಿರುಗಲಿಲ್ಲ. ದುಡುಂ ಎಂದು ಎದೆಮಟ್ಟದ ನೀರಿಗೆ ಇಳಿದುಬಿಟ್ಟರು. ಕೈಯಲ್ಲಿದ್ದ ನೋಟಿಸನ್ನು ಹೊಳೆ ಸರಕ್ಕನೆ ಕಿತ್ತುಕೊಂಡು ಸೇತುವೆಯ ಕೆಳಗೆ ನುಸುಳಿ ಹೊರಟೇಹೋಯಿತು. ಇನ್ನೊಂದು ಪ್ರತಿಯನ್ನು ಅಮೀನರು ಹೇಗೋ ಮೇಲೆತ್ತಿ ಹಿಡಿದಿದ್ದರು. ಅದರ ಮೂಲೆಯಲ್ಲಿ ದೊಡ್ಡದೊಂದು ನೇರಳೆ ಮಚ್ಚೆ ಬಿದ್ದಿತ್ತು.

ತಾತ ಗಾಳದ ಕೋಲು ಕೊಟ್ಟು ಎಳೆದುಕೊಂಡ. ಎಂಟು ವರ್ಷದ ಮೇಲೆ ಏನೋ ಒಂದು ಸಿಕ್ಕ ಸಂತೋಷ ಅವನ ಮುಖದಲ್ಲಿತ್ತು. ಎದೆಯಿಂದ ಮೇಲೆ ಬಿಳಿ, ಎದೆಯಿಂದ ಕೆಳಗೆ ನೇರಳೆ, ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. ಅಂಗಿಯನ್ನು ನೋಡಿಕೊಂಡ ಅಮೀನರು ಅಳುವುದೊಂದು ಬಾಕಿ.

"ಸತ್ತೆ! ನೋಟಿಸೂ ಹೋಯ್ತು, ಕುರ್ಚಿಯೂ ಹೋಯ್ತು. ಮನೆಗೆ ಹೋದ್ರೆ ಅವಳು ನನ್ನನ್ನೂ ಒಗೆದು ಹಾಕ್ತಾಳೆ!"

"ಹೋಯ್ತು ಅಂತ ಯಾಕಂತೀರಿ?" ಎಂದಳು ಲಾಂಡ್ರಿ ಅಕ್ಕ ನಗು ತಡೆಯುತ್ತ. "ತಗೊಂಡು ಹೋಯ್ತಲ್ಲ! ನಾವೇ ಕಣ್ಣಾರೆ ನೋಡಿದ್ವಿ."

"ನಾನೂ ನೋಡಿದೆ" ಎಂದ ಕಣ್ಣು ಮಂದವಾಗಿದ್ದ ತಾತ. ಇಷ್ಟು ಚೆನ್ನಾದ ಘಟನೆಗೆ ಸಾಕ್ಷಿಯಾಗದೆ ಬಿಡಲು ಈಗ ಯಾರೂ ತಯಾರಿರಲಿಲ್ಲ. ಮೂವರೂ ನಾ ಮುಂದು ತಾ ಮುಂದು ಎಂದು ರುಜು ಹಾಕಿದರು.

ಅಮೀನರು ಒದ್ದೆ ಕಾಗದದ ಬೆನ್ನಿಗೆ ವರದಿ ಬರೆಯಲು ಕೂತರು. "ನಾನು ಹೊಳೆಯ ದಂಡೆಯಲ್ಲಿ ಜಾರಿ ಬಿದ್ದು..."

"ಪದ ದುಂದು ಮಾಡಬೇಡಿ" ಎಂದು ಮೇಷ್ಟ್ರು ಪೆನ್ನು ಕಸಿದುಕೊಂಡು ಎರಡು ಪದ ಹೊಡೆದುಹಾಕಿದರು. "'ನಾನು' ಬೇಡ, 'ಬಿದ್ದು' ಬೇಡ. 'ಹೊಳೆಯ ದಂಡೆಯಲ್ಲಿ ಜಾರಿ. ನೋಟಿಸು ಹೊಳೆಯ ಕೈ ಸೇರಿದೆ.' ನೋಡಿ, ಎಷ್ಟು ಚೊಕ್ಕ!"

"ಮೇಷ್ಟ್ರೇ, ಇದು ಬೇರೆ ಅರ್ಥ ಆಗೋಯ್ತು!"

"ಸುಳ್ಳೇನಾದ್ರೂ ಇದೆಯೇನ್ರೀ ಇದರಲ್ಲಿ? ನಮ್ಮ ಭಾಷೆ ಒಂದು ಪದಕ್ಕೆ ಎರಡು ಅರ್ಥ ಕೊಟ್ಟಿರೋದು ಇಂಥ ಸಮಯಕ್ಕೇ."

ನಾಲ್ಕು ಗಂಟೆಗೆ ಕೋರ್ಟು ತುಂಬಿತ್ತು. ಅಮೀನರು ಬಾಗಿಲಲ್ಲಿ ಕಾಣಿಸಿಕೊಂಡಾಗ ಯಾರೋ ಕಿಸಕ್ಕೆಂದರು. ಕಟಕಟೆ ಹತ್ತುವಾಗ ಹಿಂದೆ ನೇರಳೆ ಹೆಜ್ಜೆಗಳ ಸಾಲೇ ಇತ್ತು. ಚಿನ್ನದ ಕನ್ನಡಕದ ವಕೀಲರು ವರದಿ ಓದಿ, ಹುಬ್ಬು ಗಂಟಿಕ್ಕಿಕೊಂಡು ಎದ್ದರು.

"ನೋಟಿಸು ಜಾರಿ ಅಂತ ಬರೆದಿದೀರಿ. ಯಾರು ತಗೊಂಡಿದ್ದು?"

"ಹೊಳೆಯೇ ಸಾರ್. ನಾನು ಓದಿ ಮುಗಿಸೋಕೂ ಬಿಡಲಿಲ್ಲ, ಕಿತ್ಕೊಂಡುಬಿಡ್ತು."

"ತಗೊಂಡು ಓದ್ತೋ?"

"ಓದೋದು ಬಿಡೋದು ಅವರಿಷ್ಟ ಸಾರ್. ಕೈ ಸೇರಿದ್ರೆ ನಮ್ಮ ಕೆಲಸ ಮುಗೀತು."

"ಕಾನೂನು ಹಾಗೇ ಇದೆ" ಎಂದರು ನ್ಯಾಯಾಧೀಶರು ಗಂಭೀರವಾಗಿ.

"ಹಾಗಾದ್ರೆ ರುಜು ಎಲ್ಲಿ?"

ಅಮೀನರು ಕಾಗದ ತೋರಿಸಿದರು. ವಕೀಲಮ್ಮ ಮೆಲ್ಲಗೆ ಎದ್ದಳು. "ಸ್ವಾಮಿ, ರುಜು ಬಾರದ ಪಕ್ಷಗಾರರು ಹೆಬ್ಬೆಟ್ಟು ಒತ್ತುವ ರೂಢಿ ಇದೆ. ನಮ್ಮ ಪಕ್ಷಗಾರರು ಒತ್ತಿದ್ದಾರೆ." ನೇರಳೆ ಮಚ್ಚೆಯನ್ನು ನೋಡಿ ಹಿಂದಿನ ಬೆಂಚಿನವರೆಗೂ ನಗು ಹರಿಯಿತು.

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಅಮೀನರೇ, ಪ್ರಮಾಣ ಮಾಡಿದ್ದೀರಿ, ನಿಜ ಹೇಳಿ. ದಂಡೆಯಲ್ಲಿ ಜಾರಿ ಅಂದರೇನು?"

ಅಮೀನರ ಕಣ್ಣ ಮುಂದೆ ತೇಗದ ಕುರ್ಚಿ ಒಮ್ಮೆ ಬಂದು ಹೋಯಿತು. ಆದರೆ ಆ ಕಟಕಟೆಯಲ್ಲಿ ಸುಳ್ಳು ಹೇಳಿದವರ ಗತಿಯನ್ನು ಅವರು ಇಪ್ಪತ್ತೆರಡು ವರ್ಷದಿಂದ ನೋಡಿದ್ದರು. "ಎರಡೂ ಸ್ವಾಮಿ. ನಾನೂ ಜಾರಿದೆ, ನೋಟಿಸೂ ಜಾರಿ ಆಯ್ತು. ಯಾವುದು ಮೊದಲು ಅಂತ ಕೇಳಬೇಡಿ, ಒಟ್ಟಿಗೇ ಆಯ್ತು."

"ನೋಡಿದ್ರಾ ಸ್ವಾಮಿ!" ಚಿನ್ನದ ಕನ್ನಡಕದವರು ಗೆದ್ದೆನೆಂದು ಕೈ ಎತ್ತಿದರು. "ಇದೆಲ್ಲ ನಾಟಕ! ಯಾವುದೋ ಶಾಯಿಯಲ್ಲಿ ಅದ್ದಿಕೊಂಡು ಬಂದು ನಿಂತಿದಾರೆ. ಈ ಬಣ್ಣ ನಮ್ಮದಾಗೋಕೆ ಸಾಧ್ಯವೇ ಇಲ್ಲ. ಇವತ್ತು ಬುಧವಾರ, ನಾವು ಬಿಡೋದು ಹಸಿರು. ನೇರಳೆ ಬಿಡೋದು ಗುರುವಾರ!"

ಇಡೀ ಕೋರ್ಟು ಅವರತ್ತ ತಿರುಗಿತು.

"ಇವತ್ತು ಯಾವ ವಾರ?" ಎಂದು ನ್ಯಾಯಾಧೀಶರು ಮೃದುವಾಗಿ ಕೇಳಿದರು.

"ಗುರುವಾರಾ!" ಎಂದು ಬಾಗಿಲಲ್ಲಿದ್ದ ಜವಾನ ಪಕ್ಷಗಾರರನ್ನು ಕೂಗುವ ದನಿಯಲ್ಲೇ ಕೂಗಿದ.

ಚಿನ್ನದ ಕನ್ನಡಕ ಮೂಗಿನ ತುದಿಗೆ ಇಳಿಯಿತು. ನ್ಯಾಯಾಧೀಶರು ಪೆನ್ನು ಕೈಗೆತ್ತಿಕೊಂಡರು. "ಒಬ್ಬರು ದಂಡೆಯಲ್ಲಿ ಕಾಲು ಜಾರಿದ್ದಾರೆ, ಒಬ್ಬರು ಇಲ್ಲಿ ನಾಲಿಗೆ ಜಾರಿದ್ದಾರೆ. ಎರಡೂ ದಾಖಲಾಗಲಿ. ಹೊಳೆ ನೋಟಿಸನ್ನು ಖುದ್ದು ಸ್ವೀಕರಿಸಿದೆ, ಆದ್ದರಿಂದ ಅದು ಈ ನ್ಯಾಯಾಲಯದ ಪಕ್ಷಗಾರ. ದಾವೆ ಮುಂದುವರಿಯಲಿ. ಅಲ್ಲಿಯವರೆಗೆ ಕಾರ್ಖಾನೆಯ ಕೊಳವೆ ಮುಚ್ಚಿರತಕ್ಕದ್ದು."

ಗುಂಪಿನ ನಡುವಿನಿಂದ ಮೇಷ್ಟ್ರು "ಒತ್ತು ಸರಿಯಾಗಿದೆ" ಎಂದದ್ದು ಅಮೀನರಿಗೆ ಕೇಳಿಸಿತು.

"ಇನ್ನೊಂದು ವಿಷಯ" ಎಂದರು ನ್ಯಾಯಾಧೀಶರು. "ಅಮೀನರ ಅಂಗಿ ಈ ಕೇಸಿನ ಮುಖ್ಯ ಮುದ್ದೆಮಾಲು, ಸಾಕ್ಷ್ಯ. ವಶಕ್ಕೆ ತಗೊಳ್ಳಿ. ಮಡಿಸಬೇಡಿ, ಮಡಿಸಿದರೆ ಬಣ್ಣ ಹರಡುತ್ತೆ. ರೆಕಾರ್ಡ್ ರೂಮಿನಲ್ಲಿ, ಗಾಳಿ ಆಡುವ ಕಡೆ, ಮೈಮೇಲೆ ಇದ್ದ ಹಾಗೇ ಇಡಿ. ಕೇಸು ಮುಗಿಯುವವರೆಗೂ ಯಾರೂ ಕದಲಿಸಕೂಡದು."

ಜವಾನನ ಹಳೆಯ ಖಾಕಿ ಕೋಟು ತೊಟ್ಟುಕೊಂಡು ಅಮೀನರು ಕಚೇರಿಗೆ ಬಂದಾಗ ಅವರ ಕಾಲು ನೆಲದ ಮೇಲಿರಲಿಲ್ಲ. ವಕೀಲಮ್ಮ ಎರಡೂ ಕೈ ಹಿಡಿದು "ಅಮೀನ್ರೇ, ನಿಮ್ಮಿಂದ ಹೊಳೆ ಉಳೀತು" ಅಂದಿದ್ದಳು. ತಾತ ಬೆನ್ನು ತಟ್ಟಿದ್ದ. ಶಿರಸ್ತೇದಾರರು ಎದ್ದು ನಿಂತು ಆರ್ಡರ್ ಕೊಟ್ಟರು. ರುಜು, ಮೊಹರು ಎಲ್ಲ ಇತ್ತು.

"ಹಾಗಾದ್ರೆ ಒಂದು ಗಳಿಗೆ ಕೂತು ಬರಲಾ ಸಾರ್? ಸುಮ್ನೆ, ಹೇಗಿದೆ ಅಂತ."

"ಅದೇ ಒಂದು ಸಣ್ಣ ತೊಂದರೆ ಆಗಿದೆ" ಎಂದರು ಶಿರಸ್ತೇದಾರರು.

ರೆಕಾರ್ಡ್ ರೂಮಿನ ಬಾಗಿಲು ತೆಗೆದಾಗ ಅಮೀನರು ಹೊಸ್ತಿಲಲ್ಲೇ ನಿಂತುಬಿಟ್ಟರು. ಫ್ಯಾನಿನ ಕೆಳಗೆ, ಕಿಟಕಿಯ ಪಕ್ಕದಲ್ಲಿ, ತೇಗದ ಕುರ್ಚಿಯ ಮೇಲೆ ಅವರ ಅಂಗಿ ಕೂತಿತ್ತು. ಗುಂಡಿ ಹಾಕಿಕೊಂಡು, ತೋಳುಗಳನ್ನು ಕುರ್ಚಿಯ ಕೈಗಳ ಮೇಲೆ ಚಾಚಿಕೊಂಡು, ಹಾಯಾಗಿ ಒರಗಿತ್ತು. ಸುತ್ತ ದಾರ ಕಟ್ಟಿ ನಾಲ್ಕು ಕಡೆ ಅರಗಿನ ಮುದ್ರೆ ಒತ್ತಿದ್ದರು.

"ಇದೇನ್ ಸಾರ್! ಹ್ಯಾಂಗರ್ ಇರಲಿಲ್ವಾ?"

"ಮೈಮೇಲೆ ಇದ್ದ ಹಾಗೇ ಇಡಿ ಅಂತ ಆದೇಶ. ಹ್ಯಾಂಗರಿಗೆ ಕೈ ಎಲ್ಲಿದೆ? ಇಡೀ ರೂಮಲ್ಲಿ ಭುಜ, ಬೆನ್ನು, ಕೈ ಇರೋದು ಈ ಕುರ್ಚಿಗೊಂದೇ."

"ಬೇರೆ ಕುರ್ಚಿ?"

"ಈ ರೂಮಿಗೆ ಮಂಜೂರಾಗಿರೋದು ಒಂದೇ. ಕುರ್ಚಿ ತೆರವಾಗದೆ ನೀವು ಹಾಜರಾಗೋಕೆ ಬರಲ್ಲ. ಅಲ್ಲಿವರೆಗೂ ಹಳೇ ಕೆಲಸ ಮುಂದುವರಿಸಿ."

"ಕೇಸು ಯಾವಾಗ ಮುಗಿಯುತ್ತೆ ಸಾರ್?"

"ಕಾರ್ಖಾನೆಯವರು ಆಗಲೇ ಮೇಲಿನ ಕೋರ್ಟಿಗೆ ಹೊರಟಿದಾರಂತೆ. ಬೇಗ ಅಂದ್ರೂ ಒಂದು ಹತ್ತು ವರ್ಷ." ಶಿರಸ್ತೇದಾರರು ಜೇಬಿನಿಂದ ಒಂದು ಕಾಗದ ತೆಗೆದರು. "ಅಂದ ಹಾಗೆ, ಕೊಳವೆ ಮುಚ್ಚೋ ಆದೇಶ ಕಾರ್ಖಾನೆಗೆ ಜಾರಿ ಆಗ್ಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ. ನಾಲ್ಕು ಮೈಲಿ, ನಡೆದ್ರೆ ಒಂದೂವರೆ ಗಂಟೆ."

ಮನೆಗೆ ಹೋಗುವಾಗ ಅಮೀನರು ಸೇತುವೆಯ ಮೇಲೆ ನಿಂತರು. ನೀರಿನ್ನೂ ನೇರಳೆಯಾಗಿಯೇ ಇತ್ತು, ಆದರೆ ನಾಳೆ ಹಾಗಿರುವುದಿಲ್ಲ ಎಂಬ ಯೋಚನೆಗೆ ಅವರ ಮನಸ್ಸು ತುಂಬಿ ಬಂತು. ಕುರ್ಚಿ ಹೋದ ದುಃಖ ಇತ್ತು. ಅದು ಮಂಡಿಯವರೆಗೆ ಮಾತ್ರ ಇತ್ತು, ಎದೆಗೆ ಏರಲಿಲ್ಲ.

"ಇಪ್ಪತ್ತೆರಡು ವರ್ಷದಲ್ಲಿ 'ಮನೇಲಿಲ್ಲ' ಅನ್ನದೆ ನೋಟಿಸು ತಗೊಂಡಿದ್ದು ನೀನೊಬ್ಬಳೇ ತಾಯಿ" ಎಂದು ಹೊಳೆಗೆ ಹೇಳಿ, ಯಾರಾದರೂ ಕೇಳಿಸಿಕೊಂಡರೋ ಎಂದು ಅತ್ತಿತ್ತ ನೋಡಿ ನಡೆದರು.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಖಾಕಿ ಕೋಟು ಕಂಡಿದ್ದೇ ಸೊಂಟಕ್ಕೆ ಕೈ ಹೋಯಿತು.

"ಅಂಗಿ ಎಲ್ರೀ?"

"ಕಚೇರೀಲಿದೆ."

"ಅದು ಹೋಗ್ಲಿ, ಕುರ್ಚಿ ಸಿಕ್ತೋ ಇಲ್ವೋ, ಅದು ಹೇಳಿ ಮೊದಲು."

ಅಮೀನರು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದರು. ಪಾದಗಳೆರಡೂ ನೇರಳೆಯಾಗಿದ್ದವು.

"ನಿನ್ನ ತಮ್ಮ ಅಳತೆ ಸರಿಯಾಗಿಯೇ ಹೊಲಿದಿದಾನೆ ಕಣೇ. ಒರಗಿ ಕೂತ್ರೂ ಬೆನ್ನು ಚೂರೂ ಬಿಗಿಯಲ್ಲ."

"ಹಾಗಾದ್ರೆ ಸಿಕ್ತು!"

"ಸಿಕ್ತು" ಎಂದರು ಅಮೀನರು. "ಅಂಗಿಗೆ."